ಅಪ್ಪನ ಪಂಚೆ, ಚಕಮಕಿ ಕಲ್ಲು

ಇವತ್ತು ಸಂಜೆ ಹಿತ್ತಿಲಲ್ಲಿ ಅಪ್ಪನ ಹಳೇ ಪಂಚೆ ಸುಟ್ಟೆ. ಗಾಬರಿಯಾಗಬೇಡಿ, ಕೇಳಿಯೇ ಸುಟ್ಟಿದ್ದು.

ಇಲ್ಲಿ ಇಂಡಿಯಾನಾದಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿಗಳ ಸ್ಪರ್ಧೆಗೆ ನಮ್ಮ ಗೆಳೆಯರ ತಂಡ ತಯಾರಾಗ್ತಿದೆ. ಬರೀ ಗುರಿ ಹೊಡೆದರೆ ಸಾಲದು. ಕೊಡಲಿ ಎಸೆಯಬೇಕು, ಚಕಮಕಿಯಿಂದ ಬೆಂಕಿ ಹಚ್ಚಬೇಕು. ಬೆಂಕಿ ನನ್ನ ಪಾಲು.

ಕಿಡಿ ಹಿಡಿಯೋಕೆ ಕರಿಕಾದ ಹತ್ತಿ ಬಟ್ಟೆ ಬೇಕು. ಸಣ್ಣ ತೂತಿರುವ ತಗಡಿನ ಡಬ್ಬಿಗೆ ತುಂಡುಗಳನ್ನು ಹಾಕಿ ಕೆಂಡದ ಮೇಲಿಟ್ಟೆ. ತೂತಿನಿಂದ ಹೊಗೆ ನಿಂತ ಮೇಲೆ ಇಳಿಸಿ, ಪೂರ್ತಿ ಆರುವ ತನಕ ಮುಚ್ಚಳ ಮುಟ್ಟಬಾರದು. ಬಿಸಿ ಇರುವಾಗ ಗಾಳಿ ತಾಗಿದರೆ ಎಲ್ಲ ಬೂದಿ.

ಉಕ್ಕಿನ ಪಟ್ಟಿಯನ್ನು ಕಲ್ಲಿನ ಅಂಚಿಗೆ ಬಡಿದರೆ ಹಾರುವ ಕಿಡಿ ಕಲ್ಲಿನದ್ದಲ್ಲ, ಕಲ್ಲು ಕೆರೆದು ತೆಗೆದ ಉಕ್ಕಿನ ಚೂರು. ಅದು ಕಪ್ಪು ಬಟ್ಟೆಯ ಮೇಲೆ ಬಿದ್ದರೆ ಸಾಸಿವೆಯಷ್ಟು ಕೆಂಪು ಚುಕ್ಕಿ. ಆಮೇಲೆ ನಿಧಾನಕ್ಕೆ ಹರಡುತ್ತೆ. ನಾರಿನ ಉಂಡೆಯಲ್ಲಿಟ್ಟು ಊದಬೇಕು, ಜೋರಾಗಿ ಊದಿದರೂ ಕಷ್ಟ.

ಕೋವಿಯೂ ಹಾಗೇ. ಒಂದು ಗುಂಡು ಹಾರಿದ ಮೇಲೆ ಮತ್ತೆ ಮದ್ದು ಅಳೆದು ಸುರಿ, ಎಣ್ಣೆ ಬಟ್ಟೆ ಸುತ್ತಿದ ಸೀಸದ ಗುಂಡನ್ನು ಕೋಲಿನಿಂದ ತಳದವರೆಗೆ ದೂಡು. ಫೋನ್ ನೋಡೋಕೆ ಕೈ ಖಾಲಿಯೇ ಇರಲ್ಲ! ನಮಗಿದು ವಾರಾಂತ್ಯದ ಮಜಾ. ಈ ಕೋವಿಗಳ ಕಾಲದವರಿಗೆ ಮಳೆಯಲ್ಲಿ ಆ ಕಪ್ಪು ಬಟ್ಟೆಯ ಡಬ್ಬಿ ನೆನೆದರೆ ರಾತ್ರಿ ಊಟವೂ ಇಲ್ಲ, ಚಳಿ ಕಾಯಿಸೋದೂ ಇಲ್ಲ, ಅಲ್ವಾ?

ಪಂಚೆ ಮುಗೀತಾ ಬಂತು. ಹತ್ತಿರದಲ್ಲಿರುವವರು ಹಳೇದಿದ್ದರೆ ಕೊಡಿ. ಪಾಲಿಯೆಸ್ಟರ್ ಬೆರೆತಿದ್ದು ಮಾತ್ರ ಬೇಡ, ಕರಗಿ ಅಂಟಾಗುತ್ತೆ.