ಎಪಾಕ್ಸಿ ಹಾಕಿದ ಮೇಲೂ ವಾರ್ನಿಶ್ ಯಾಕೆ?

"ಎಪಾಕ್ಸಿ ಅಷ್ಟು ಗಟ್ಟಿ ಅಂತೀರಿ. ಮತ್ತೆ ಅದರ ಮೇಲೆ ವಾರ್ನಿಶ್ ಯಾಕೆ? ಸುಮ್ನೆ ದುಡ್ಡು ದಂಡ ಅಲ್ವಾ?" ಬೋಟಿನ ಕ್ಯಾಬಿನ್ ಬಾಗಿಲು ರಿಪೇರಿಗೆ ತಂದವರೆಲ್ಲ ಇದನ್ನೇ ಕೇಳುತ್ತಾರೆ.

ದಂಡ ಅಲ್ಲ. ಎಪಾಕ್ಸಿ ಅಂದರೆ ರೆಸಿನ್‌ಗೆ ಹಾರ್ಡನರ್ ಕಲಸಿ ಹಚ್ಚುವ, ಆಮೇಲೆ ಗಟ್ಟಿಯಾಗುವ ಲೇಪ. ನೀರು ಮರದೊಳಗೆ ಹೋಗದಂತೆ ತಡೆಯುವುದರಲ್ಲಿ ಎಪಾಕ್ಸಿ ವಾರ್ನಿಶ್‌ಗಿಂತ ಎಷ್ಟೋ ಮೇಲು. ಆದರೆ ಅದು ಬಿಸಿಲು ತಾಳುವುದಿಲ್ಲ. ನನ್ನ ಮೊದಲ ಸಾಗುವಾನಿ ಬಾಗಿಲಿಗೆ ಬರೀ ಎಪಾಕ್ಸಿ ಹಚ್ಚಿ ಬಿಟ್ಟಿದ್ದೆ. ಗಾಜಿನ ಹಾಗೆ ಹೊಳೆಯುತ್ತಿತ್ತು. ಆಮೇಲೆ ಹಳದಿಯಾಯಿತು, ಮಂಕಾಯಿತು. ಬೆರಳಾಡಿಸಿದರೆ ಸುಣ್ಣದಂಥ ಪುಡಿ. ಕೊನೆಗೆ ಉಗುರು ಹಾಕಿದರೆ ಹಾಳೆಯಂತೆ ಎದ್ದುಬರುತ್ತಿತ್ತು. ಬಿಸಿಲಿನ ನೇರಳಾತೀತ ಕಿರಣ ಮಾಡುವ ಕೆಲಸ ಇದು. ಮರೈನ್ ವಾರ್ನಿಶ್‌ನಲ್ಲಿ ಆ ಕಿರಣ ಹೀರುವ ವಸ್ತು ಬೆರೆತಿರುತ್ತದೆ. ಎಪಾಕ್ಸಿಗೆ ಅದೇ ಕೊಡೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಷ್ಟ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಾಗಿಲು ಬಿಚ್ಚಲು ಪುರುಸೊತ್ತು ಸಿಗುವುದು ಆಗಲೇ, ಮಳೆ ಹೊಯ್ಯುವುದೂ ಆಗಲೇ! ಹಸಿ ಮರಕ್ಕೆ ಎಪಾಕ್ಸಿ ಹಚ್ಚಿದರೆ ತೇವವನ್ನು ಒಳಗೇ ಕೂಡಿಹಾಕಿದ ಹಾಗೆ. ಹಳೆ ಬಣ್ಣ ಕೆರೆದು, ಗಾಳಿಯಾಡುವ ಮಾಡಿನಡಿ ಚೆನ್ನಾಗಿ ಒಣಗಿಸಿ. ಅವಸರ ಬೇಡ.

ತೇವದ ಗಾಳಿಯಲ್ಲಿ ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಕಣ್ಣಿಗೆ ಕಾಣದಿದ್ದರೂ ಕೈಗೆ ಗೊತ್ತಾಗುತ್ತದೆ. ಅದರ ಮೇಲೇ ವಾರ್ನಿಶ್ ಹಚ್ಚಿದರೆ ದಿನಗಟ್ಟಲೆ ಅಂಟಂಟು. ಥಿನ್ನರ್ ಬೇಡ, ಇದು ನೀರಿಗೆ ಹೋಗುವ ಜಿಡ್ಡು. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಬರೀ ನೀರು ಸಾಕು. ಒರೆಸಿ, ಒಣಗಿಸಿ, ಆಮೇಲೆ ಸ್ಯಾಂಡ್ ಪೇಪರ್ ಹಿಡಿಯಿರಿ. ತೊಳೆಯುವ ಮೊದಲೇ ಪೇಪರ್ ಉಜ್ಜಿದರೆ ಜಿಡ್ಡೆಲ್ಲ ಗೀರುಗಳೊಳಗೆ ಇಳಿಯುತ್ತದೆ.

ಹಚ್ಚುವ ಹೊತ್ತೂ ಮುಖ್ಯ. ಬೆಳಗ್ಗೆ ಬಿಸಿಲೇರುವಾಗ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ನಾನು ಬಿಸಿಲು ಇಳಿಯುವ ಸಂಜೆಯಲ್ಲೇ ಹಚ್ಚುವುದು. ಆಗ ಮರ ಎಪಾಕ್ಸಿಯನ್ನು ಒಳಗೆಳೆದುಕೊಳ್ಳುತ್ತದೆ. ಸಾಗುವಾನಿಯಲ್ಲಿ ಎಣ್ಣೆ ಜಾಸ್ತಿ, ಹಾಗಾಗಿ ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್‌ನಿಂದ ಒರೆಸಿ.

ಫೈಬರ್ ಕೆಲಸ ಗೊತ್ತಿದ್ದವರಿಗೆ ಒಂದು ಮಾತು. ಪಾಲಿಯೆಸ್ಟರ್ ರೆಸಿನ್‌ಗೆ ಹಾಕಿದ ಹಾಗೆ ಹಾರ್ಡನರ್ ಒಂದಿಷ್ಟು ಜಾಸ್ತಿ ಹಾಕಿದರೆ ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಡಬ್ಬಿ ಮೇಲಿನ ಅಳತೆಯೇ ಅಳತೆ. ಕಲಸಿದ್ದನ್ನು ಕಪ್‌ನಲ್ಲೇ ಬಿಡಬೇಡಿ, ಬಿಸಿಯೇರಿ ಹೊಗೆ ಬಂದೀತು. ಅಗಲ ತಟ್ಟೆಗೆ ಸುರಿದುಕೊಳ್ಳಿ.

ಬಾಗಿಲನ್ನು ತಲೆಕೆಳಗು ಮಾಡಿ ನೋಡಿ. ಕೆಳಗಿನ ಅಂಚಿನಲ್ಲಿ, ನಿಲುವುಪಟ್ಟಿ (ಬಾಗಿಲಿನ ಎರಡೂ ಬದಿಯ ಉದ್ದ ಪಟ್ಟಿ) ಕಡಿದ ಜಾಗದಲ್ಲಿ, ಮರದ ಎಳೆಗಳು ಸಣ್ಣ ಕೊಳವೆಗಳಂತೆ ಬಾಯಿ ತೆರೆದಿರುತ್ತವೆ. ಕಪ್ಪಗಾಗಲು ಶುರುವಾಗುವುದೇ ಅಲ್ಲಿಂದ. ಅಲ್ಲಿ ಎಪಾಕ್ಸಿ ಹಚ್ಚಿ, ಹೀರಿದ ಮೇಲೆ ಮತ್ತೆ ಹಚ್ಚಿ, ಹೀರುವುದು ನಿಲ್ಲುವ ತನಕ. ತಿರುಪಿನ ತೂತುಗಳಿಗೂ ಹಾಗೇ.

ವಾರ್ನಿಶ್ ತೆಳ್ಳಗೆ ಐದಾರು ಕೋಟ್ ಬೇಕು, ನಡುನಡುವೆ 220 ನಂಬರ್ ಪೇಪರ್. ಮುಂದೆ ಹೊಳಪು ಕಮ್ಮಿಯಾಗುತ್ತಿದೆ ಅನ್ನಿಸಿದಾಗಲೇ 320ರಲ್ಲಿ ಹಗುರವಾಗಿ ಉಜ್ಜಿ ಇನ್ನೆರಡು ಕೋಟ್ ಕೊಡಿ. ಅರ್ಧ ದಿನದ ಕೆಲಸ, ಒಣಗಲು ಒಂದೆರಡು ದಿನ ಅಷ್ಟೇ. ಬಿಸಿಲು ಎಪಾಕ್ಸಿ ಮುಟ್ಟುವ ತನಕ ಬಿಟ್ಟರೆ ಎಲ್ಲವನ್ನೂ ಮತ್ತೆ ಬರೀ ಮರದ ತನಕ ಕೆರೆಯಬೇಕಾಗುತ್ತದೆ.