ಮೊದಲ ದೀಪ ಕುಂಟೆಗೆ

ಕಾರ್ತಿಕ ಸೋಮವಾರ ನಂದಿಬೆಟ್ಟದ ಬುಡದ ನಂದಿ ಊರಿನ ಗುಡಿಗೆ ಹೊರಟರೆ ನಮ್ಮಜ್ಜಿ ಬಾಗಿಲಲ್ಲೇ ತಡೆಯುತ್ತಾಳೆ. "ಮೊದ್ಲು ಕುಂಟೆ ಗಂಗಮ್ಮನಿಗೆ ದೀಪ ಹಚ್ಚು, ಆಮೇಲೆ ಭೋಗನಂದೀಶ್ವರ. ಮನೆಯೋಳನ್ನ ಮಾತಾಡ್ಸದೆ ಹಂಗೇ ಹೋಗ್ತಾರೇನೋ?"

ಕುಂಟೆ ಅಂದರೆ ನಮ್ಮೂರ ಪುಟ್ಟ ಕೆರೆ. ನಂದಿ ಗುಡಿಯ ಕಲ್ಯಾಣಿ ಶೃಂಗಿ ತೀರ್ಥ ಕಂಡವರಿಗೆ ಅದು ಲೆಕ್ಕಕ್ಕೇ ಬಾರದು. ಅಲ್ಲಿ ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬಸಾಲು, ನಂದಿ ಕೊಂಬಿನಿಂದ ತಿವಿದು ಗಂಗೆ ಬರಿಸಿದ ಕಥೆ. ಗುಡಿಗೆ 9ನೇ ಶತಮಾನದಷ್ಟು ಹಿಂದಿನ ಚರಿತ್ರೆ. ಇಲ್ಲಿರುವುದು ಒಂದು ಏರಿ, ಎರಡು ಹೊಂಗೆಮರ, ದನ ಇಳಿಯುವ ಜಾಡು. ತೋಡಿಸಿದವರ ಹೆಸರಿಗೆ ಒಂದಕ್ಷರವಿಲ್ಲ.

ಮದುವೆಗೆ ನೀರು ತರುವುದು ಇಲ್ಲಿಂದಲೇ, ಗಣೇಶನನ್ನು ಬಿಡುವುದೂ ಇಲ್ಲೇ. ಬೇಸಿಗೆಯಲ್ಲಿ ತಳ ಕಂಡಾಗ ಗೋಡುಮಣ್ಣು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರಂತೆ. ಅದನ್ನು ಯಾರೂ ಸೇವೆ ಎನ್ನಲಿಲ್ಲ, ರಾಗಿ ಚೆನ್ನಾಗಿ ಬರುತ್ತೆ ಅಂತ ಹೊಡೆದರು. ಕುಂಟೆ ಉಳಿದದ್ದು ಆ ಆಸೆಯಿಂದಲೇ. ಗೊಬ್ಬರದ ಮೂಟೆ ಬಂದ ಮೇಲೆ ಗೋಡು ಯಾರಿಗೂ ಬೇಡವಾಯಿತು, ಹೂಳು ಕೂತಿತು.

ನಂದಿಬೆಟ್ಟದ ಸುತ್ತ ಪಿನಾಕಿನಿ, ಪಾಲಾರ್, ಅರ್ಕಾವತಿ ಹುಟ್ಟುತ್ತವೆ. ಹುಟ್ಟಿದ ಊರಲ್ಲಿ ನಿಲ್ಲುವುದಿಲ್ಲ, ಮದುವೆಯಾದ ಹೆಣ್ಣುಮಕ್ಕಳಂತೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಮ್ಮ ಸೀಮೆಗೆ ನಿಂತ ನೀರೇ ದೇವರು.

ಆ ದೇವರೂ ಬತ್ತಿದ ವರ್ಷಗಳಿದ್ದವು. ಅಜ್ಜಿ ಗಂಗೆಪೂಜೆ ಬಿಡಲಿಲ್ಲ. ಬಿರುಕುಬಿಟ್ಟ ತಳದಲ್ಲಿ ಮೂರು ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ತಂಬಿಟ್ಟಿನಾರತಿ ಬೆಳಗಿ, ಟ್ಯಾಂಕರಿನಿಂದ ಹಿಡಿದ ಒಂದು ಚೊಂಬು ನೀರು ಸುರಿಯುತ್ತಿದ್ದಳು. "ನೀರಿಲ್ಲದ ಕುಂಟೆಗೆ ಯಾಕಜ್ಜಿ ಪೂಜೆ?" ಅಂದಿದ್ದೆ. "ತವರಿಗೆ ಹೋದೋಳ ಕೋಣೆ ಗುಡಿಸಲ್ವಾ?" ಅಂದಳು. ಮುಂದಿನ ವರ್ಷವೂ ಕಲ್ಲುಗಳು ಇಟ್ಟಲ್ಲೇ ಇರುತ್ತಿದ್ದವು, ಹಳೇ ಅರಿಶಿನದ ಕಲೆ ಸಮೇತ. ಅವನ್ನೇ ತೊಳೆದು ಮತ್ತೆ ಪೂಜಿಸುತ್ತಿದ್ದಳು. ನನಗೆ ಅದು ಹಟವೋ ಭಕ್ತಿಯೋ ತಿಳಿಯುತ್ತಿರಲಿಲ್ಲ. ಈಗಲೂ ಅವೆರಡರ ನಡುವೆ ಗೆರೆ ಎಳೆಯಲಾರೆ.

2021ರ ನವೆಂಬರ್ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ನಮ್ಮ ಕುಂಟೆಯೂ ಏರಿಯ ಅಂಚಿಗೆ ಬಂತು. ತಟ್ಟೆ ಹಿಡಿದು ಹೋದ ಅಜ್ಜಿ ದಡದಲ್ಲೇ ನಿಂತಳು. ಅವಳ ಮೂರು ಕಲ್ಲು ಆಳುದ್ದ ನೀರಿನಡಿ ಸೇರಿದ್ದವು.

ಅಂದಿನಿಂದ ಪ್ರತಿ ಕಾರ್ತಿಕಕ್ಕೂ ಹೊಸ ಕಲ್ಲು ಹುಡುಕುವ ಕೆಲಸ ನನ್ನದು. ಹೊತ್ತು ತಂದದ್ದನ್ನು ತಿರುವಿ ನೋಡುತ್ತಾಳೆ, ಒಂದಾದರೂ ಬೇಡ ಅನ್ನುತ್ತಾಳೆ, ಇನ್ನೊಂದು ತರಲು ಅಟ್ಟುತ್ತಾಳೆ. ನಂದಿಯ ಬಸ್ಸು ತಪ್ಪಿಹೋಗುತ್ತದೆ.