ಪ್ಯಾನೆಲ್ 7 ಅಂದಿತು, ಪೈಪು ಅಲ್ಲ ಅಂದಿತು

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅಷ್ಟು ದಿನ ನಮ್ಮ ಕರಾವಳಿಯ ಮೀನು ಘಟಕಗಳ ಯಂತ್ರಗಳೂ ಸುಮ್ನೆ ಕೂತಿರುತ್ತವೆ. ಮಳೆ ಹೊಡೆಯುತ್ತದೆ, ಉಪ್ಪುಗಾಳಿ ಬೀಸುತ್ತದೆ. ಆಮೇಲೆ ಒಂದೇ ದಿನ ಎಲ್ಲ ಘಟಕಗಳಲ್ಲೂ ಸ್ವಿಚ್ ಹಾಕುತ್ತಾರೆ. ನಾನು ಚಿಲ್ಲರ್ ಕಂಟ್ರೋಲ್ ಕೆಲಸದವನು. ನೀರು ತಂಪು ಮಾಡುವ ದೊಡ್ಡ ಯಂತ್ರಗಳ ಎಲೆಕ್ಟ್ರಾನಿಕ್ ಪ್ಯಾನೆಲ್, ಸೆನ್ಸರ್, ವೈರಿಂಗ್ ನನ್ನ ಪಾಲು. ಮನೆ ಕಾರವಾರದಲ್ಲಿ.

ಕೆಲವು ವರ್ಷಗಳ ಹಿಂದೆ ಅಂಕೋಲಾ ಕಡೆಯ ಒಂದು ಘಟಕದಿಂದ ಫೋನ್ ಬಂತು. ಮೀನು ಸ್ವಚ್ಛ ಮಾಡುವ ಹಾಲ್ ತಂಪಾಗುತ್ತಿಲ್ಲ, ಹೆಂಗಸರು ಬೆವರುತ್ತಿದ್ದಾರೆ ಅಂತ. ಹೋಗಿ ನೋಡಿದೆ. ಸ್ಕ್ರೂ ಕಂಪ್ರೆಸರಿನ (ತಂಪು ಮಾಡುವ ಗ್ಯಾಸನ್ನು ಎಳೆದು ಒತ್ತುವ ಭಾಗ) ಚಿಲ್ಲರ್, ಸುಮಾರು ಹತ್ತು ವರ್ಷ ಹಳೆಯದು. ಹೊರಗೆ ಹೋಗುವ ನೀರು 7 ಡಿಗ್ರಿ ಇರಬೇಕು. ಹೀಗೆ ಪ್ಯಾನೆಲ್‌ಗೆ ಕೊಟ್ಟಿಡುವ ಗುರಿಗೆ ಸೆಟ್‌ಪಾಯಿಂಟ್ ಅನ್ನುತ್ತೇವೆ. ಪ್ಯಾನೆಲ್ ಸರಿಯಾಗಿ 7.0 ತೋರಿಸುತ್ತಿತ್ತು. ಒಂದೂ ಅಲಾರಂ ಇಲ್ಲ.

ಅಲ್ಲಿ ಒಬ್ಬರು ಹಿರಿಯ ಆಪರೇಟರ್ ಇದ್ದರು. ಪಂಪಿನ ಪಕ್ಕದ ವಾಲ್ವಿನ ಮೇಲೆ ಅಂಗೈ ಇಟ್ಟುಕೊಂಡು, “ತಮ್ಮಾ, ಇದು ಹೋದ ವರ್ಷದಷ್ಟು ತಣ್ಣಗಿಲ್ಲ” ಅಂದರು. ನಾನು ನಕ್ಕೆ. ಕೈಗೆ ಎರಡು ಡಿಗ್ರಿ ವ್ಯತ್ಯಾಸ ಗೊತ್ತಾಗುತ್ತದಾ? ಪ್ಯಾನೆಲ್ ಒಂದು ದಶಾಂಶದವರೆಗೆ ಹೇಳುತ್ತಿರುವಾಗ? ಹಾಲ್‌ನಲ್ಲಿ ಮೀನು ಜಾಸ್ತಿ, ಜನ ಜಾಸ್ತಿ, ಲೋಡ್ ಏರಿದೆ ಅಂತ ತೀರ್ಮಾನ ಮಾಡಿದೆ. ಸೆಟ್‌ಪಾಯಿಂಟನ್ನು 7ರಿಂದ 4.5ಕ್ಕೆ ಇಳಿಸಿದೆ. ಒಂದು ಗಂಟೆಯಲ್ಲಿ ಹಾಲ್ ತಂಪಾಯಿತು. ಚಹಾ ಕುಡಿದು, ಸಹಿ ಹಾಕಿಸಿಕೊಂಡು ಮನೆಗೆ ಬಂದೆ. ಸೆಟ್‌ಪಾಯಿಂಟ್ ಬದಲಿಸಿದ್ದನ್ನು ಲಾಗ್ ಬುಕ್ಕಿನಲ್ಲಿ ಬರೆಯಲಿಲ್ಲ. ಇದನ್ನು ಇವತ್ತಿಗೂ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಿಜಕ್ಕೂ ಆಗಿದ್ದು ಇಷ್ಟು. ಪ್ಯಾನೆಲ್‌ಗೆ ನೀರು ಕಾಣುವುದಿಲ್ಲ, ಓಮ್ (ಕರೆಂಟಿಗೆ ಬರುವ ತಡೆಯ, ಅಂದರೆ ರೆಸಿಸ್ಟೆನ್ಸಿನ ಅಳತೆ) ಕಾಣುತ್ತದೆ. ಪೈಪಿನೊಳಗಿನ ಸೆನ್ಸರ್ ಒಂದು ಥರ್ಮಿಸ್ಟರ್. 25 ಡಿಗ್ರಿಯಲ್ಲಿ ಅದರ ರೆಸಿಸ್ಟೆನ್ಸ್ 10 ಸಾವಿರ ಓಮ್. ತಂಪಾದಷ್ಟೂ ಅದು ಏರುತ್ತದೆ. 0 ಡಿಗ್ರಿಗೆ 30 ಸಾವಿರದ ಆಸುಪಾಸು. ಸೆನ್ಸರ್ ಚೆನ್ನಾಗಿಯೇ ಇತ್ತು. ಹಾಳಾಗಿದ್ದು ಅದರ ತಂತಿ ಸೇರುವ ಕನೆಕ್ಟರ್. ಎರಡು ತಿಂಗಳ ಉಪ್ಪುಗಾಳಿಗೆ ಪಿನ್ನುಗಳು ಹಸಿರುಗಟ್ಟಿದ್ದವು. ಆ ಕಿಲುಬು ತನ್ನದೇ ಒಂದು ಎರಡೂವರೆ ಸಾವಿರ ಓಮ್ ಸೇರಿಸಿತ್ತು. ಓಮ್ ಜಾಸ್ತಿ ಕಂಡರೆ ಪ್ಯಾನೆಲ್ ಪಾಲಿಗೆ ನೀರು ತಂಪು ಅಂತ ಅರ್ಥ. ನೀರು ಒಂಬತ್ತೂವರೆ ಇದ್ದರೂ ಅದು 7 ಅಂದುಕೊಂಡು ಕಂಪ್ರೆಸರನ್ನು ಹಗುರ ಮಾಡುತ್ತಿತ್ತು. ಅಜ್ಜನ ಅಂಗೈ ಹೇಳಿದ್ದೇ ಸರಿ. ನಾನು ಸೆಟ್‌ಪಾಯಿಂಟ್ ಇಳಿಸಿ ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಕೂರಿಸಿದೆ. ಎರಡೂ ಸೇರಿ ನೀರು 7ರ ಹತ್ತಿರ ಬಂತು.

ಸೆಪ್ಟೆಂಬರಿನಲ್ಲಿ ನಮ್ಮ ಹುಡುಗನೊಬ್ಬ ಸರ್ವಿಸಿಗೆ ಹೋದ. ಕಿಲುಬು ಹಿಡಿದ ಕನೆಕ್ಟರ್ ಅವನ ಕಣ್ಣಿಗೆ ಬಿತ್ತು. ಕತ್ತರಿಸಿ ಹೊಸದು ಹಾಕಿದ. ಪೂರ್ತಿ ಸರಿಯಾದ ಕೆಲಸ. ಆದರೆ ನಾನು ಬಿಟ್ಟು ಹೋಗಿದ್ದ 4.5 ಅವನಿಗೆ ಗೊತ್ತಿಲ್ಲ. ಈಗ ಸೆನ್ಸರ್ ನಿಜ ಹೇಳುತ್ತಿದೆ, ಹಾಗಾಗಿ ನೀರು ನಿಜವಾಗಿಯೂ ನಾಲ್ಕೂವರೆಗೆ ಇಳಿಯಿತು.

ರಾತ್ರಿ ಎರಡು ಗಂಟೆಗೆ ಫೋನ್. “ಮಾರಾಯ್ರೆ, ಮಷಿನ್ ಕೆಂಪು ದೀಪ ಹಾಕ್ಕಂಡು ಕೂತದೆ.” ಸಕ್ಷನ್ ಪ್ರೆಶರ್, ಅಂದರೆ ಕಂಪ್ರೆಸರ್ ಒಳಗೆಳೆಯುವ ಗ್ಯಾಸಿನ ಒತ್ತಡ, ಕಡಿಮೆಯಾಗಿ ಟ್ರಿಪ್; ಯಂತ್ರ ತಾನೇ ನಿಂತಿತ್ತು. ಗ್ಯಾಸ್ ಆರ್-134ಎ. ಅದರ ಒತ್ತಡ ಗೇಜಿನಲ್ಲಿ 1.9 ಬಾರ್‌ಗೆ ಬಂದರೆ ಒಳಗೆ ಗ್ಯಾಸ್ ಸುಮಾರು 0 ಡಿಗ್ರಿ ಮುಟ್ಟಿದೆ ಅಂತ. ಅದಕ್ಕಿಂತ ಕೆಳಗೆ ಹೋದರೆ ಇವಾಪೊರೇಟರಿನ (ಗ್ಯಾಸ್ ನೀರನ್ನು ತಂಪು ಮಾಡುವ ಜಾಗ) ಟ್ಯೂಬಿನಲ್ಲಿ ನೀರು ಹೆಪ್ಪುಗಟ್ಟಬಹುದು. ಟ್ಯೂಬ್ ಒಡೆದು ಗ್ಯಾಸಿನೊಳಗೆ ನೀರು ಸೇರಿತೋ, ಕಂಪ್ರೆಸರ್ ಕಥೆಯೂ ಮುಗಿಯಿತು. ಖರ್ಚು ಲಕ್ಷಗಳಲ್ಲಿ. ಒತ್ತಡ ಅಳೆಯುವ ಟ್ರಾನ್ಸ್‌ಮಿಟರಿಗೆ ನೀರಿನ ಸೆನ್ಸರಿನ ಹಂಗಿಲ್ಲ. ಅದರ ತಂತಿಯೇ ಬೇರೆ. ಹಾಗಾಗಿ ಉಳಿಯಿತು.

ಆ ರಾತ್ರಿಯೇ ಹೋಗಿ ಪ್ಯಾನೆಲ್ ಮುಂದೆ ಕೂತು ಹಳೆಯ ರೀಡಿಂಗುಗಳನ್ನು ತಿರುವಿದೆ. ನಾನು ಆಗಸ್ಟಿನಲ್ಲೇ ನೋಡಬೇಕಾಗಿದ್ದ ಸುಳಿವು ಅಲ್ಲೇ ಬಿದ್ದಿತ್ತು. ಹೊರಗೆ ಹೋಗುವ ನೀರಿಗೂ ಒಳಗಿನ ಗ್ಯಾಸಿಗೂ ಇರುವ ಉಷ್ಣತೆಯ ಅಂತರಕ್ಕೆ ನಾವು ಅಪ್ರೋಚ್ ಅನ್ನುತ್ತೇವೆ. ಯಂತ್ರ ಹೊಸದಿದ್ದಾಗ ಬರೆದಿಟ್ಟ ಹಾಳೆಯಲ್ಲಿ ಅದು 3.5 ಡಿಗ್ರಿ. ನಾನು ಹೋದ ದಿನ ನೀರು 7, ಗ್ಯಾಸ್ 6, ಅಂದರೆ ಅಂತರ ಬರೀ 1. ಟ್ಯೂಬಿನಲ್ಲಿ ಪಾಚಿ, ಕೆಸರು ಕಟ್ಟಿದಂತೆ ಈ ಅಂತರ ವರ್ಷದಿಂದ ವರ್ಷಕ್ಕೆ ಏರಬೇಕು. ಹತ್ತು ವರ್ಷದ ಯಂತ್ರ ಹೊಸದರಲ್ಲಿದ್ದದ್ದಕ್ಕಿಂತ ಚುರುಕಾಗಿದೆ ಅಂದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತಲೇ. ಕೆಟ್ಟ ಅಂಕಿ ಕಂಡರೆ ನಾವು ಹುಡುಕುತ್ತೇವೆ. ಇಷ್ಟು ಒಳ್ಳೆಯ ಅಂಕಿ ಕಂಡರೆ ಯಾರೂ ಹುಡುಕುವುದಿಲ್ಲ, ಅಲ್ವಾ?

ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಕಂಪ್ರೆಸರ್ ನಿಲ್ಲಿಸಿ, ಪಂಪ್ ಮಾತ್ರ ಹದಿನೈದು ನಿಮಿಷ ಓಡಿಸುವುದು. ಆಗ ಒಳಬರುವ ನೀರು, ಹೊರಹೋಗುವ ನೀರು ಎರಡೂ ಒಂದೇ. ಎರಡು ಸೆನ್ಸರೂ ಒಂದೇ ಅಂಕಿ ಹೇಳಬೇಕು. ಬೆಚ್ಚಗಿನ ನೀರಿನಲ್ಲಿ ಈ ಮೋಸ ಇನ್ನೂ ಬೇಗ ಬಯಲಾಗುತ್ತದೆ. 27 ಡಿಗ್ರಿಯಲ್ಲಿ ಥರ್ಮಿಸ್ಟರಿನ ಓಮ್ ಮೊದಲೇ ಕಡಿಮೆ. ಅದಕ್ಕೆ ಅದೇ ಎರಡೂವರೆ ಸಾವಿರ ಸೇರಿದರೆ ಪ್ಯಾನೆಲ್ 21ರ ಹತ್ತಿರ ತೋರಿಸುತ್ತದೆ. ತಂಪಿನಲ್ಲಿ ಎರಡೂವರೆ ಡಿಗ್ರಿಯ ತಪ್ಪು ಇಲ್ಲಿ ಐದಾರು ಡಿಗ್ರಿ. ಸೀಸನ್ ಶುರುವಾದ ದಿನ ಕಂಪ್ರೆಸರ್ ಹಾಕುವ ಮೊದಲು ಕಾಲು ಗಂಟೆ ಕಾದಿದ್ದರೆ ಕುರುಡನಿಗೂ ಕಾಣುತ್ತಿತ್ತು.

ನನ್ನನ್ನು ಹೆದರಿಸಿದ್ದು ಇದಲ್ಲ, ಇದರ ಉಲ್ಟಾ. ಕಿಲುಬು ಓಮ್ ಏರಿಸುತ್ತದೆ, ನೀರು ಇರುವುದಕ್ಕಿಂತ ತಂಪು ಅನ್ನಿಸುತ್ತದೆ. ಆಗುವುದೇನಿದ್ದರೂ ಹಾಲ್ ಬಿಸಿ, ಬೈಗುಳ. ಆದರೆ ಕನೆಕ್ಟರೊಳಗೆ ಉಪ್ಪುನೀರು ಸೇರಿದರೆ ಎರಡು ಪಿನ್ನುಗಳ ನಡುವೆ ಕರೆಂಟ್ ಸೋರುತ್ತದೆ. ಓಮ್ ಇಳಿಯುತ್ತದೆ. ಪ್ಯಾನೆಲ್‌ಗೆ ನೀರು ಬಿಸಿಯಾಗಿ ಕಂಡು ಇನ್ನೂ ತಂಪು ಮಾಡು, ಇನ್ನೂ ತಂಪು ಮಾಡು ಅಂತ ಕಂಪ್ರೆಸರನ್ನು ಅಟ್ಟುತ್ತದೆ. ನೀರು ಹೆಪ್ಪುಗಟ್ಟುವ ಮೊದಲೇ ಯಂತ್ರ ನಿಲ್ಲಿಸಬೇಕಾದ, ನೀರಿನ ಸೆನ್ಸರನ್ನು ನಂಬಿದ ಫ್ರೀಜ್ ರಕ್ಷಣೆಯೂ ಆಗ ಕುರುಡು. ತಣ್ಣನೆಯ ಪೈಪಿನ ಮೇಲೆ ನಮ್ಮ ಕರಾವಳಿಯ ಗಾಳಿ ಇಡೀ ದಿನ ಬೆವರಿಳಿಸುತ್ತದೆ. ಆ ಹನಿ ತಂತಿ ಹಿಡಿದು ನೇರ ಕನೆಕ್ಟರಿಗೆ ಹೋಗುತ್ತದೆ. ಅದಕ್ಕೇ ಈಗ ನಾನು ತಂತಿಯನ್ನು ಮೊದಲು ಕೆಳಗೆ ಬಾಗಿಸಿ, ಆಮೇಲೆ ಮೇಲೆತ್ತಿ ಸೇರಿಸುತ್ತೇನೆ. ಹನಿ ಬಾಗಿನಲ್ಲೇ ತೊಟ್ಟಿಕ್ಕಲಿ. ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್. ಘಟ್ಟದ ಮೇಲೆ ಶಿರಸಿಯಲ್ಲಿ ಈ ಉಪ್ಪಿನ ಕಾಟ ಇಲ್ಲ. ಅಲ್ಲಿ ಸಿಡಿಲು, ಇಲಿ. ಅದು ಬೇರೆ ಪುರಾಣ.

ಬೆಳಗಿನ ಜಾವ ಸೆಟ್‌ಪಾಯಿಂಟ್ ಮತ್ತೆ 7ಕ್ಕೆ ತಂದು ಯಂತ್ರ ಹಾಕಿದೆ. ಹುಡುಗನಿಗೆ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳಿದೆ. ಅವನು ನಿದ್ದೆಗಣ್ಣಲ್ಲಿ “ಅಡ್ಡಿಲ್ಲ ಅಣ್ಣ” ಅಂದ. ಬದಲಿಸಿದ ಪ್ರತಿ ಅಂಕಿಯನ್ನೂ ತಾರೀಕಿನ ಜೊತೆ ಬರೆಯಲು ಪ್ಯಾನೆಲ್ ಬಾಗಿಲಿನ ಒಳಗೆ ಒಂದು ಹಾಳೆ ಅಂಟಿಸಿದೆ. ಮೊದಲ ಸಾಲು ನನ್ನದೇ.

ಲಾಗ್ ಬುಕ್ಕಿನಲ್ಲಿ ಹೊಸದೊಂದು ಕಾಲಂ ಎಳೆದು, ಪೈಪಿನ ಥರ್ಮೋವೆಲ್‌ಗೆ (ಥರ್ಮಾಮೀಟರ್ ಇಳಿಸಲು ಪೈಪಿನಲ್ಲಿರುವ ಸಣ್ಣ ಗೂಡು) ಹಾಕಲು ಗಾಜಿನ ಥರ್ಮಾಮೀಟರನ್ನೂ ಕೊಟ್ಟು ಬಂದೆ. ದಿನಕ್ಕೆರಡು ಸಲ ನೋಡಿ ಬರೆಯಿರಿ ಅಂದೆ. ಮುಂದಿನ ತಿಂಗಳು ಹೋದಾಗ ಥರ್ಮಾಮೀಟರ್ ಡಬ್ಬಿಯಲ್ಲೇ ಇತ್ತು. ಆ ಕಾಲಂ ಮಾತ್ರ ಒಂದು ದಿನವೂ ತಪ್ಪದೆ ತುಂಬಿತ್ತು, ಅಜ್ಜನ ಅಕ್ಷರದಲ್ಲಿ: “ಕೈಗೆ ಸರಿ ಉಂಟು.”